ಬಸ್ಸಿಗೆ ಕಾಯುವುದೋ, ನಡೆದುಬಿಡುವುದೋ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಒಂದೆರಡು ಕಿಲೋಮೀಟರ್ ದೂರಕ್ಕೆ ಬಸ್ಸಿಗಾಗಿ ಕಾಯುವುದು ಸರಿಯೇ, ನಡೆದು ಹೋಗುವುದು ಸರಿಯೇ? ಬಹಳ ಹೊತ್ತು ಕಾದಮೇಲೆ ಬಸ್ಸಿನ ಆಸೆ ಬಿಟ್ಟು ಹೊರಡಬಹುದೇ?

ಉತ್ತರ: ದೂರ ಒಂದು ಕಿಲೋಮೀಟರಿನೊಳಗಿದ್ದರೆ ನಡೆಯಿರಿ, ಎರಡನ್ನು ದಾಟಿದ್ದರೆ ಕಾಯಿರಿ. ಇವೆರಡರ ನಡುವಿನ ದೂರಕ್ಕೆ ಮಾತ್ರ ಯೋಚನೆ ಬೇಕು, ಆ ಯೋಚನೆಯನ್ನು ನಿಲ್ದಾಣ ತಲುಪಿದ ಕೂಡಲೇ ಮುಗಿಸಬೇಕು.

ಸಾಧಾರಣ ವೇಗದಲ್ಲಿ ನಡೆಯುವವರಿಗೆ ಒಂದು ಕಿಲೋಮೀಟರಿಗೆ ಸುಮಾರು 12 ನಿಮಿಷ ಹಿಡಿಯುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುವ ಬಸ್ಸಿಗೆ ಅದೇ ದೂರಕ್ಕೆ 4 ನಿಮಿಷ ಸಾಕು. ಬಸ್ಸು ಉಳಿಸಿಕೊಡುವುದು ಕಿಲೋಮೀಟರಿಗೆ 8 ನಿಮಿಷ; ನೀವು 8 ನಿಮಿಷ ಕಾದರೆ ಮೊದಲ ಕಿಲೋಮೀಟರಿನ ಉಳಿತಾಯವೆಲ್ಲ ನಿಲ್ದಾಣದಲ್ಲೇ ಮುಗಿದುಹೋಗುತ್ತದೆ. ಸಂಜೆಯ ದಟ್ಟಣೆಯಲ್ಲಿ ಬಸ್ಸಿನ ವೇಗ ಇನ್ನೂ ಇಳಿಯುವುದರಿಂದ ನಡಿಗೆಯ ಪರವಾದ ದೂರ ಆಗ ಮತ್ತಷ್ಟು ಹೆಚ್ಚುತ್ತದೆ.

ಆದರೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಅಂದಾಜು ಮಾಡುವಲ್ಲೇ ಬಹಳ ಮಂದಿ ಎಡವುತ್ತಾರೆ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಸರಾಸರಿ ಐದು ನಿಮಿಷ ಕಾದರಾಯಿತು ಎಂದು ತೋರುವುದು ಸಹಜ. ಬಸ್ಸುಗಳು ಸಮಾನ ಅಂತರದಲ್ಲಿ ಬಂದರೆ ಅದು ನಿಜವೂ ಹೌದು. ಆದರೆ ಅವು ಹಾಗೆ ಬರುವುದಿಲ್ಲ: ತಡವಾದ ಬಸ್ಸಿಗೆ ಪ್ರತಿ ನಿಲ್ದಾಣದಲ್ಲೂ ಹೆಚ್ಚು ಜನ ಹತ್ತುತ್ತಾರೆ, ಅದರಿಂದ ಅದು ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ಸಿಗೆ ಜನ ಕಡಿಮೆಯಾಗಿ ಅದು ಬೇಗ ಬಂದು ಮುಂದಿನದರ ಬೆನ್ನಿಗೇ ಸೇರುತ್ತದೆ. ಹೀಗೆ ಜೋಡಿಯಾದ ಬಸ್ಸುಗಳ ನಡುವೆ ಒಮ್ಮೆ 2 ನಿಮಿಷ, ಮತ್ತೊಮ್ಮೆ 18 ನಿಮಿಷ ಅಂತರ ಉಂಟಾದರೆ ಸರಾಸರಿ ಅಂತರ ಈಗಲೂ ಹತ್ತೇ ನಿಮಿಷ, ಆದರೆ ನಿಲ್ದಾಣಕ್ಕೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಆ ದೀರ್ಘ ಅಂತರದೊಳಗೇ ಬಂದು ನಿಲ್ಲುತ್ತಾರೆ. ಹಾಗಾಗಿ ಕಾಯುವ ಸರಾಸರಿ 8 ನಿಮಿಷವನ್ನು ಮೀರುತ್ತದೆ. ನಿಮಗೆ ಮಾತ್ರ ಸದಾ ಬಸ್ಸು ತಡವೆಂದು ಅನ್ನಿಸಿದ್ದರೆ ಅದು ಭ್ರಮೆಯಲ್ಲ.

ಎರಡನೆಯದಾಗಿ ನೋಡಬೇಕಾದದ್ದು, ನಿಮ್ಮ ದಾರಿಗೆ ಒದಗುವ ಮಾರ್ಗಸಂಖ್ಯೆಗಳು ಎಷ್ಟು ಎಂಬುದನ್ನು. ಒಂದೇ ಮಾರ್ಗದ ಬಸ್ಸನ್ನು ನೆಚ್ಚಿ ನಿಲ್ಲುವುದಕ್ಕಿಂತ, ಕಾರ್ಪೊರೇಷನ್ ವೃತ್ತದಂತೆ ಹಲವು ದಿಕ್ಕಿನ ಬಸ್ಸುಗಳು ಕೂಡುವ ನಿಲ್ದಾಣ ಹತ್ತಿರವಿದ್ದರೆ ಅಲ್ಲಿಯವರೆಗೆ ನಡೆದು ಕಾಯುವುದು ಲಾಭ. ಬರಿದೇ ಮುಂದಿನ ನಿಲ್ದಾಣಕ್ಕೆ ನಡೆಯುವುದರಿಂದ ಸಮಯ ಉಳಿಯದು. ಎರಡು ನಿಲ್ದಾಣಗಳ ನಡುವೆ ಬಸ್ಸು ನಿಮ್ಮನ್ನು ದಾಟಿಹೋಗುವ ಅಪಾಯವೊಂದೇ ಸೇರಿಕೊಳ್ಳುತ್ತದೆ. ಏಕಮುಖ ಸಂಚಾರದ ಹಳೆಯ ಪೇಟೆಯಲ್ಲಂತೂ ನಡಿಗೆಗೇ ಮೇಲುಗೈ: ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರುಕಟ್ಟೆಯ ಕಡೆಗೆ ಅವೆನ್ಯೂ ರಸ್ತೆ ನೇರವಾಗಿ, ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ತಲುಪಿಸುತ್ತದೆ.

ಇನ್ನು ಕಾದು ಬೇಸತ್ತು ಹೊರಡುವ ವಿಷಯ. ಬಸ್ಸು ವೇಳೆಗೆ ಸರಿಯಾಗಿ ಬರುವ ಮಾರ್ಗವಾದರೆ, ಕಾದಷ್ಟೂ ಅದು ಹತ್ತಿರವಾಗಿರುತ್ತದೆ. ಆಗ ಹೊರಡುವುದು ನಷ್ಟ. ಹೊತ್ತುಗೊತ್ತಿಲ್ಲದೆ ಬರುವ ಮಾರ್ಗವಾದರೆ, ಕಾದ ಹತ್ತು ನಿಮಿಷ ಮುಂದಿನದರ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಮೊದಲು ಕಾಯಲು ಇದ್ದ ಕಾರಣ ಈಗಲೂ ಇದ್ದೇ ಇರುತ್ತದೆ. ತೀರ್ಮಾನ ಬದಲಿಸಲು ಹೊಸ ಸುದ್ದಿ ಬೇಕು. ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆಗೆ ಬಸವನಗುಡಿಯಲ್ಲಿ ವಾಹನಗಳ ದಾರಿ ಬದಲಿಸಿದ್ದಾರೆಂದು ತಿಳಿದರೆ, ಅಥವಾ ನಗರ ಸಾರಿಗೆ ಸಂಸ್ಥೆಯ ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ಬಸ್ಸು ಇನ್ನೂ ದೂರದಲ್ಲಿ ನಿಂತೇ ಇರುವುದು ಕಂಡರೆ, ಆ ಕ್ಷಣವೇ ಹೊರಡಿ.

ಖರ್ಚಿನ ಮಾತು ಎಲ್ಲರಿಗೂ ಒಂದೇ ಅಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ, ಅವರು ಸಮಯವನ್ನಷ್ಟೇ ತೂಗಿದರೆ ಸಾಕು. ಮಂಡಿನೋವಿನ ಹಿರಿಯರು, ಮಗುವನ್ನು ಎತ್ತಿಕೊಂಡವರು ಮೇಲಿನ ಲೆಕ್ಕಕ್ಕೆ ಕಟ್ಟುಬೀಳಬೇಕಿಲ್ಲ. ಅರ್ಧ ಕಿಲೋಮೀಟರಾದರೂ ಅವರು ಕಾಯಲಿ. ಕಲ್ಲು ಕಿತ್ತ, ಬೈಕುಗಳು ಏರಿ ಬರುವ ಪಾದಚಾರಿ ಮಾರ್ಗದಲ್ಲಿ, ಅದೂ ಮಳೆಯ ರಾತ್ರಿಯಲ್ಲಿ, ಹತ್ತು ನಿಮಿಷ ಉಳಿಸಲು ಯಾರೂ ನಡೆಯಬೇಕಾಗಿಲ್ಲ.