ಪೀಟ್ ನೆಲಕ್ಕೆ ನೀರು ವಾಪಸ್: ಒಡ್ಡು ಕಟ್ಟುವವರೇ ಮಾಡುವ ಹಾನಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನರ್ಸರಿಯಲ್ಲಿ ಸಿಗುವ ಕೋಕೋಪೀಟ್ ನಿಜವಾದ ಪೀಟ್ ಅಲ್ಲ, ಅದು ತೆಂಗಿನ ಸಿಪ್ಪೆಯ ಪುಡಿ. ನೀರು ನಿಂತ ಕಾಡಿನಲ್ಲಿ ಬಿದ್ದ ಎಲೆ, ಬೇರು, ಮರ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತರೆ ಅದು ಪೀಟ್. ತೂಕದಲ್ಲಿ ಹೆಚ್ಚುಕಮ್ಮಿ 90% ನೀರೇ. ಅಂದರೆ ನಾವು ನಿಂತಿರುವುದು ನೆಲದ ಮೇಲಲ್ಲ, ಒದ್ದೆ ಸ್ಪಂಜಿನ ಮೇಲೆ.

ಈ ಸ್ಪಂಜು ಒಣಗಿದರೆ ಏನಾಗುತ್ತದೆ? ಉದಾಹರಣೆಗೆ ಇಂಡೋನೇಷ್ಯಾದ ಮಧ್ಯ ಕಾಲಿಮಂತಾನ್ ಪ್ರಾಂತ್ಯ ತೆಗೆದುಕೊಳ್ಳೋಣ. 1990ರ ದಶಕದ ನಡುವಿನಲ್ಲಿ ಸುಹಾರ್ತೊ ಸರ್ಕಾರ ಅಲ್ಲಿನ ಪೀಟ್ ಕಾಡಿನಲ್ಲಿ ಭತ್ತ ಬೆಳೆಯಲು ಹೊರಟಿತು. ಸುಮಾರು 10 ಲಕ್ಷ ಹೆಕ್ಟೇರ್ ಯೋಜನೆ, 4,000 ಕಿ.ಮೀ.ಗೂ ಜಾಸ್ತಿ ಕಾಲುವೆ. ಭತ್ತ ಕೈಗೆ ಹತ್ತಲಿಲ್ಲ. ನೀರು ಹರಿದುಹೋಗಿ ನೆಲ ಒಣಗಿತು, 1997ರಲ್ಲಿ ಬೆಂಕಿ ಬಿತ್ತು. 2015ರಲ್ಲಿ ದೇಶದಾದ್ಯಂತ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟ ಮೇಲೆ, 2016ರ ಜನವರಿಯಲ್ಲಿ ಪೀಟ್ ನೆಲ ಸರಿಪಡಿಸಲೆಂದೇ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಮುಖ್ಯ ಕೆಲಸ, ಕಾಲುವೆಗಳಿಗೆ ಒಡ್ಡು ಕಟ್ಟಿ ನೆಲವನ್ನು ಮತ್ತೆ ಒದ್ದೆ ಮಾಡುವುದು.

ಒಡ್ಡು ಅಂದ ಕೂಡಲೇ ನಮಗೆ ಕೆರೆ ಏರಿ ನೆನಪಾಗುತ್ತದೆ ಅಲ್ವಾ? ನಾನೂ ಹಾಗೇ ಅಂದುಕೊಂಡು ದಾರಿ ತಪ್ಪಿದ್ದೆ. ಕೆರೆ ಏರಿಯ ಕೆಳಗೆ ಗಟ್ಟಿ ಮಣ್ಣಿರುತ್ತದೆ. ಇಲ್ಲಿ ಕೆಳಗೂ ಪೀಟ್, ಪಕ್ಕದಲ್ಲೂ ಪೀಟ್. ಎತ್ತರದ ಒಂದೇ ಒಡ್ಡು ಹಾಕಿದರೆ ನೀರು ತಳದಿಂದಲೋ ಪಕ್ಕದಿಂದಲೋ ಕೊರೆದುಕೊಂಡು ಹೋಗುತ್ತದೆ. ದಡ ಕುಸಿದರೆ ನಾವೇ ಹೊಸ ಕಾಲುವೆ ತೋಡಿದಂತೆ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಒಡ್ಡುಗಳು, ಮೇಲಿನಿಂದ ಕೆಳಕ್ಕೆ. ಲೆಕ್ಕ ಹಾಕಿ: ಕಾಲುವೆ ಕಿಲೋಮೀಟರಿಗೆ 1 ಮೀಟರ್ ಇಳಿಯುತ್ತದೆ ಅಂದುಕೊಳ್ಳಿ. ಒಡ್ಡಿನ ಮೇಲಿನ ನೀರಿಗೂ ಕೆಳಗಿನ ನೀರಿಗೂ 25 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬೇಡವೆಂದರೆ 250 ಮೀಟರಿಗೊಂದು ಒಡ್ಡು ಬೇಕು. ಇನ್ನೊಂದು ತಮಾಷೆ: ನಮ್ಮ ಕೆರೆ ಕೋಡಿ ಸಾಮಾನ್ಯವಾಗಿ ಏರಿಯ ತುದಿಯಲ್ಲಿರುತ್ತದೆ. ಇಲ್ಲಿ ಮರದ ಒಡ್ಡಿಗೆ ಕೋಡಿ ನಟ್ಟನಡುವೆ. ತುದಿಯಲ್ಲಿಟ್ಟರೆ ಮೆತ್ತನೆಯ ದಡವೇ ಕೊಚ್ಚಿಹೋಗುತ್ತದೆ.

ಸಾಮಾನು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಕೇಳಬೇಕು. ಒಡ್ಡಿಗೆ ಅಲ್ಲಿ ಗೆಲಾಮ್ ಮರದ ಗಳ ಬಳಸುತ್ತಾರೆ. ಕಾಡು ಉಳಿಸಲೆಂದು ಪಕ್ಕದ ಕಾಡನ್ನೇ ಕಡಿದರೆ ಏನು ಬಂತು? ಹೊರಗಿನ ಮಣ್ಣು ತಂದು ಸುರಿದರೆ ಅದರ ಭಾರಕ್ಕೆ ಒಡ್ಡೇ ಕುಸಿಯುತ್ತದೆ. ಪೀಟನ್ನೇ ಅದುಮಿ ಕಟ್ಟುವ ಕ್ರಮವೂ ಇದೆ. ಆದರೆ ಒಳಗಿನ ಒದ್ದೆ ಪೀಟೇ ಆಗಬೇಕು, ಮೇಲಿನ ಒಣಗಿದ್ದು ಒಂದಕ್ಕೊಂದು ಅಂಟುವುದಿಲ್ಲ. ಅಗೆಯುವ ಯಂತ್ರ ಸುಮ್ನೆ ಇಳಿಸಿದರೆ ಹೂತುಹೋಗುತ್ತದೆ, ನೆಲವನ್ನೂ ಅದುಮುತ್ತದೆ. ಅದರ ಕೆಳಗೆ ದಿಮ್ಮಿಗಳ ಹಾಸು ಬೇಕು, ಒಂದೇ ದಾರಿಯಲ್ಲಿ ಓಡಾಡಬೇಕು. ಡೀಸೆಲ್ ಡಬ್ಬಿ ನೀರಿನಂಚಿನಿಂದ ದೂರ.

ಮಳೆ ಇಲ್ಲದ ತಿಂಗಳುಗಳಲ್ಲಿ ನೀರು ಕಡಿಮೆ, ಕಟ್ಟಲು ಸುಲಭ. ಆದರೆ ಆಗಲೇ ಬೆಂಕಿಯ ಭಯವೂ ಜಾಸ್ತಿ. ಕೆಲಸಗಾರರ ಒಲೆಯ ಕಿಡಿ, ಒಂದು ಬೀಡಿಯ ತುಂಡು ಸಾಕು. ಬೆಂಕಿ ನೆಲದೊಳಗೆ ಇಳಿದು ವಾರಗಟ್ಟಲೆ ಹೊಗೆಯಾಡುತ್ತದೆ.

ಗಿಡ ನೆಡುವಾಗಲೂ ಇದೇ ಎಚ್ಚರ. ಬೇಗ ಬೆಳೆಯುತ್ತದೆಂದು ಅಕೇಶಿಯಾ ಹಾಕಿದರೆ ಅದೇ ಹಬ್ಬಿಕೊಳ್ಳುತ್ತದೆ. ಬಾಲಂಗೆರಾನ್, ಜೆಲುತುಂಗ್‌ನಂತಹ ಅಲ್ಲಿನದೇ ಮರ ಬೇಕು. ನೆಡಲೆಂದು ಜರಿಗಿಡವೆಲ್ಲ ಸವರಬೇಡಿ, ಬರಿ ಮೈ ಪೀಟ್ ಬಿಸಿಲಿಗೆ ಕಾದು ಒಣಗುತ್ತದೆ. ಸಸಿಯ ಪ್ಲಾಸ್ಟಿಕ್ ಚೀಲ ವಾಪಸ್ ತನ್ನಿ.

ಊರಿನವರಿಗೆ ಆ ಕಾಲುವೆ ದೋಣಿಯ ದಾರಿ. ಕೇಳದೆ ಮುಚ್ಚಿದರೆ ಒಡ್ಡು ಒಡೆಯುತ್ತಾರೆ. ನನ್ನ ಪ್ರಕಾರ ತಪ್ಪು ಅವರದಲ್ಲ. ದೋಣಿ ದಾಟಲು ಜಾಗ ಬಿಡುವುದನ್ನು ನಕ್ಷೆ ಬರೆಯುವಾಗಲೇ ಯೋಚಿಸಬೇಕಿತ್ತು.

ಕೊನೆಗೆ ಅಳತೆ. 2016ರ ಇಂಡೋನೇಷ್ಯಾ ನಿಯಮದ ಪ್ರಕಾರ, ಬೇಸಾಯಕ್ಕೆ ಬಿಟ್ಟ ಪೀಟ್ ನೆಲದಲ್ಲಿ ನೀರಿನ ಮಟ್ಟ ಮೇಲ್ಮೈಯಿಂದ 40 ಸೆಂ.ಮೀ.ಗಿಂತ ಕೆಳಗಿಳಿಯಬಾರದು. ತೂತು ಕೊರೆದ ಪಿವಿಸಿ ಪೈಪ್ ನೆಟ್ಟು ನೋಡುತ್ತಾರೆ. ಪೈಪಿನ ಪಕ್ಕ ಕಾಲಿಟ್ಟರೆ ಪೀಟ್ ಅದುಮಿ ಒಳಗಿನ ನೀರು ಮೇಲೇರುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲು ಹಲಗೆ ಹಾಕಿ, ಅದರ ಮೇಲೆ ನಿಂತು ಅಳೆಯಿರಿ.