ಜಡ್ಡುಗಟ್ಟಿದ ಅಂಗಾಲು ಜಡವಲ್ಲ

ಶಬರಿಮಲೆಗೆ ಮಾಲೆ ಹಾಕಿದ ನಮ್ಮ ಭಾವ ಮೊದಲ ವಾರವೆಲ್ಲ ಟಾರು ರಸ್ತೆಯಲ್ಲಿ ಬರಿಗಾಲಲ್ಲಿ ಕುಂಟುತ್ತಲೇ ನಡೆದರು. ಒಂದು ಚೂರು ಜಲ್ಲಿ ಸಿಕ್ಕರೂ ಮುಖ ಕಿವುಚುತ್ತಿದ್ದರು. ಐದನೇ ವಾರಕ್ಕೆ ಅದೇ ರಸ್ತೆಯಲ್ಲಿ ಆರಾಮಾಗಿ ಹೆಜ್ಜೆ ಹಾಕಿದರು. ‘ಎಲ್ಲ ಅಯ್ಯಪ್ಪನ ಮಹಿಮೆ ಸ್ವಾಮಿ’ ಎಂದರು ಗುರುಸ್ವಾಮಿ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಚರ್ಮವನ್ನು ಗಟ್ಟಿ ಮಾಡುವ ಕೆರಾಟಿನ್ ಎಂಬ ಪ್ರೋಟೀನ್‌ಗೂ ಸ್ವಲ್ಪ ಪಾಲು ಕೊಡಬೇಕು, ಅಲ್ವಾ?

ಒತ್ತಡ, ತಿಕ್ಕಾಟ ಬಿದ್ದ ಕಡೆ ಚರ್ಮದ ತಳದ ಕೋಶಗಳು ಬೇಗ ಬೇಗ ಹುಟ್ಟುತ್ತವೆ. ಮೇಲೇರುತ್ತಾ ಕೆರಾಟಿನ್ ತುಂಬಿಕೊಂಡು ಸಾಯುತ್ತವೆ. ಆ ಸತ್ತ ಪದರಗಳ ಅಟ್ಟಿಯೇ ಜಡ್ಡು. ಒಂದೇ ದಿನ ಹತ್ತು ಮೈಲಿ ನಡೆದರೆ ಬರುವುದು ಜಡ್ಡಲ್ಲ, ನೀರುಗುಳ್ಳೆ. ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು.

ನಮ್ಮ ಭಾಷೆ ಇಲ್ಲಿ ದಾರಿ ತಪ್ಪಿಸುತ್ತದೆ. ಮನಸ್ಸು ಜಡ್ಡುಗಟ್ಟಿದೆ ಅಂದರೆ ಏನೂ ತಟ್ಟುವುದಿಲ್ಲ ಎಂದರ್ಥ. ಅಂಗಾಲೂ ಹಾಗೇ ಅಂದುಕೊಂಡಿದ್ದೇವೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು ಕೀನ್ಯಾ, ಅಮೆರಿಕದ ಜನರ ಅಂಗಾಲುಗಳನ್ನು ಪರೀಕ್ಷಿಸಿ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬರಿಗಾಲಲ್ಲಿ ನಡೆಯುವವರ ಜಡ್ಡು ದಪ್ಪವೂ ಹೌದು, ಗಟ್ಟಿಯೂ ಹೌದು. ಆದರೆ ಕಂಪನ ಗುರುತಿಸುವುದರಲ್ಲಿ ಅವರ ಕಾಲು ಒಂದಿಷ್ಟೂ ಹಿಂದಿರಲಿಲ್ಲ!

ಹೇಗೆ? ನಿಮ್ಮ ಉಗುರನ್ನೇ ನೋಡಿ. ಅದೂ ಕೆರಾಟಿನ್, ಅದೂ ಸತ್ತದ್ದು. ಆದರೂ ಉಗುರಿನ ತುದಿಗೆ ದಾರದ ಎಳೆ ತಾಗಿದರೆ ಗೊತ್ತಾಗುತ್ತದೆ. ಕಣ್ಣು ಕಾಣದವರು ಕೋಲಿನ ತುದಿಯಿಂದ ಹಳ್ಳ ದಿಣ್ಣೆ ಗುರುತಿಸುತ್ತಾರೆ. ಕೋಲಿಗೆ ನರ ಇದೆಯಾ? ಗಟ್ಟಿ ವಸ್ತು ಕಂಪನವನ್ನು ನುಂಗದೆ ಒಳಗಿನ ನರಗಳಿಗೆ ದಾಟಿಸುತ್ತದೆ. ಮೆತ್ತನೆ ಬೂಟಿನ ತಳ ಹಾಸಿಗೆಯಿದ್ದ ಹಾಗೆ, ಕೆಳಗೆ ಕಡಲೆಕಾಳಿದ್ದರೂ ಸುದ್ದಿ ಮುಟ್ಟುವುದಿಲ್ಲ.

ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಓಡಿ ಚಿನ್ನ ಗೆದ್ದರು. 2 ಗಂಟೆ 15 ನಿಮಿಷ 16 ಸೆಕೆಂಡ್, ಆಗಿನ ವಿಶ್ವದಾಖಲೆ. ಬರಿಗಾಲ ಅಭಿಮಾನಿಗಳು ಈ ಕತೆಯನ್ನು ಕುಣಿದು ಹೇಳುತ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಅವರೇ ಶೂ ಹಾಕಿ ಮತ್ತೆ ಗೆದ್ದದ್ದನ್ನು ಮಾತ್ರ ಸುಮ್ನೆ ಬಿಟ್ಟುಬಿಡುತ್ತಾರೆ. ಭೂಮಿಯ ಎಲೆಕ್ಟ್ರಾನು ಕಾಲಿನಿಂದ ಹತ್ತಿ ಕಾಯಿಲೆ ವಾಸಿಮಾಡುತ್ತದೆ ಎನ್ನುವವರೂ ಇವರ ನಡುವೆಯೇ ಇದ್ದಾರೆ. ಅವರ ಬಳಿ ವಾದಕ್ಕೆ ಕೂತರೆ ಬೆಳಗಾಗುತ್ತದೆ.

ಬರಿಗಾಲ ನಡಿಗೆಯ ನೋವೆಲ್ಲ ಚರ್ಮದ್ದೇ ಅಲ್ಲ. ಮೀನಖಂಡ ಬಿಗಿಯುವುದು, ಪಾದದ ಕಮಾನು ಎಳೆದಂತಾಗುವುದು ಸ್ನಾಯುಗಳ ದೂರು. ಒಗ್ಗಿಕೊಳ್ಳುವುದರಲ್ಲಿ ಎಲ್ಲಕ್ಕಿಂತ ನಿಧಾನ ಮೂಳೆ. ಚರ್ಮ ಸುಮ್ಮನಾಯಿತೆಂದು ದೂರ ಜಾಸ್ತಿ ಮಾಡಿದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡಬಹುದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋದವರಿಗಂತೂ ಈ ಪ್ರಯೋಗ ಬೇಡವೇ ಬೇಡ, ಗಾಯವಾದರೂ ತಿಳಿಯುವುದಿಲ್ಲ. ಬಯಲಿನಲ್ಲಿ ಶೌಚಕ್ಕೆ ಹೋಗುವ ಜಾಗಗಳ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬರಿಗಾಲಿಗೇ ಕಾದಿರುತ್ತವೆ.

ಭಾವ ಮಾಲೆ ತೆಗೆದು ಮತ್ತೆ ಚಪ್ಪಲಿ ಮೆಟ್ಟಿದರು. ಯುಗಾದಿ ಹೊತ್ತಿಗೆ ಜಡ್ಡೆಲ್ಲ ಸಿಪ್ಪೆ ಎದ್ದು ಹೋಗಿತ್ತು. ಮೊನ್ನೆ ಅಂಗಳದಲ್ಲಿ ಬರಿಗಾಲಲ್ಲಿ ನಡೆಯುವಾಗ ಜಲ್ಲಿ ಚುಚ್ಚಿ ‘ಅಯ್ಯಪ್ಪಾ’ ಎಂದರು.