ದುಡ್ಡು ನಿಮ್ಮದು, ಇಮೇಲ್ ಯಾರದು?

ಕೊಂಡ ಸಾಫ್ಟ್‌ವೇರ್ ಆಕ್ಟಿವೇಟ್ ಮಾಡುವಾಗ, ಅಂದರೆ ಕಂಪನಿಯಲ್ಲಿ ನೋಂದಾಯಿಸಿ ಚಾಲೂ ಮಾಡುವಾಗ, ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರ್ ಕೊಡಿ. ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾನು ಇದನ್ನು ಹೇಳಿ ಹೇಳಿ ಸಾಕಾಗಿದ್ದೇನೆ. ಎಲ್ಲರೂ ಹೂಂ ಅನ್ನುತ್ತಾರೆ. ಯಂತ್ರ ಕೆಟ್ಟ ದಿನ ಬಿಲ್ ಹಿಡಿದು ಬರುತ್ತಾರೆ: "ಸಾರ್, ಒರಿಜಿನಲ್ಲೇ ತಗೊಂಡಿದ್ದು, ಯಾಕೆ ಓಪನ್ ಆಗ್ತಿಲ್ಲ?"

ಬಿಲ್ ಬೇಕು, ಬೇಡ ಅನ್ನಲ್ಲ. ಆದರೆ ಕಂಪನಿಯ ಸರ್ವರ್ ಬಿಲ್ ನೋಡುವುದಿಲ್ಲ. ಸಾಫ್ಟ್‌ವೇರಿನ ಕೀ (ಕೊಂಡಾಗ ಕೊಡುವ ಲೈಸೆನ್ಸ್ ನಂಬರ್) ಯಾವ ಖಾತೆಗೆ ಸೇರಿದೆ, ಯಾವ ಯಂತ್ರದಲ್ಲಿ ಚಾಲೂ ಆಗಿದೆ, ಸಾಮಾನ್ಯವಾಗಿ ಇಷ್ಟೇ ನೋಡುತ್ತದೆ. ಒಟಿಪಿ ಯಾರ ಮೇಲ್‌ಗೆ ಹೋಗುತ್ತೋ ಅದರ ಲೆಕ್ಕದಲ್ಲಿ ಅವರೇ ಮಾಲೀಕರು. ಮನೆ ಕಟ್ಟಿಸಿ ಖಾತೆಯನ್ನು ಮೇಸ್ತ್ರಿ ಹೆಸರಿಗೆ ಮಾಡಿಸ್ತೀರಾ? ಇಲ್ಲ ಅಲ್ವಾ?

ತಿಪಟೂರಿನ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಲೆಕ್ಕದ ಸಾಫ್ಟ್‌ವೇರಿನ ಬಿಲ್ಲನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು, ಅದರ ಮೂಲೆಯಲ್ಲಿ ಆಯುಧಪೂಜೆಯ ಕುಂಕುಮ ಕೂಡ ಇತ್ತು. ಮದರ್‌ಬೋರ್ಡ್ ಹೋಗಿ ಹೊಸದು ಹಾಕಿದ ಮೇಲೆ ಸರ್ವರ್ ಅದನ್ನು ಹೊಸ ಯಂತ್ರ ಅಂದುಕೊಂಡಿತು, ಲೈಸೆನ್ಸ್ ಬೇರೆ ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ ಅಂತ ಬಂತು. ಮಾರಿದ ಅಂಗಡಿಯ ಹುಡುಗ ಸುಮ್ನೆ ತನ್ನದೇ ಮೇಲ್ ಹಾಕಿ ಇನ್‌ಸ್ಟಾಲ್ ಮಾಡಿ, ಆಮೇಲೆ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ಜಿಎಸ್‌ಟಿ ರಿಟರ್ನ್‌ಗೆ 20ನೇ ತಾರೀಖು ಹತ್ತಿರ ಬಂದಿತ್ತು. ಹುಡುಗನ ಸೋದರತ್ತೆಯನ್ನು ಹುಡುಕಿ, ಅವರಿಂದ ನಂಬರ್ ಪಡೆದು, ಅವನು ಫೋನಿನಲ್ಲಿ ಒಟಿಪಿ ಓದಿ ಹೇಳಿದ ಮೇಲೆ ಲೆಕ್ಕ ತೆರೆಯಿತು. ಒಳ್ಳೆ ಹುಡುಗ, ತಕ್ಷಣ ಹೇಳಿದ.

ಇನ್ನೊಂದು. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಆ ಯಂತ್ರಕ್ಕೇ ಸೇರಿದ್ದು, ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸನ್ನು ಇನ್ನೊಂದಕ್ಕೆ ಒಯ್ಯಬಹುದು. ಬೇರೆ ಸಾಫ್ಟ್‌ವೇರ್ ಇದ್ದರೆ ಫಾರ್ಮ್ಯಾಟ್‌ಗೆ ಮುಂಚೆ ಲೈಸೆನ್ಸ್ ಸರೆಂಡರ್ ಮಾಡಿಸಿ, ಅಂದರೆ ಆ ಯಂತ್ರದಿಂದ ಬಿಡಿಸಿಕೊಳ್ಳಿ.

ಹಾಗಂತ ತಪ್ಪೆಲ್ಲ ಗ್ರಾಹಕರದ್ದಲ್ಲ. ಕದ್ದು ಬಳಸುವವನಿಗೆ ಈ ಯಾವ ಕಾಟವೂ ಇಲ್ಲ, ದುಡ್ಡು ಕೊಟ್ಟವರೇ ಪ್ರತಿ ಸಲ ತಾವು ಕಳ್ಳರಲ್ಲ ಅಂತ ತೋರಿಸಬೇಕು. ಇದು ನನಗೆ ಅನ್ಯಾಯ ಅಂತಲೇ ಕಾಣುತ್ತದೆ. 2012ರ ಡಿಸೆಂಬರ್‌ನಲ್ಲಿ ಅಡೋಬಿ ಕಂಪನಿ ತನ್ನ ಸಿಎಸ್2ರ (ಫೋಟೋಶಾಪ್ ಇದ್ದ ಹಳೆಯ ಸಾಫ್ಟ್‌ವೇರ್ ಕಟ್ಟು) ಆಕ್ಟಿವೇಷನ್ ಸರ್ವರ್ ನಿಲ್ಲಿಸಿದಾಗ, ಕೊಂಡವರಿಗೆ ಆಕ್ಟಿವೇಷನ್ ಬೇಡದ ಪ್ರತಿಯನ್ನು ಕೊಟ್ಟಿತು. ಸರ್ವರ್ ಮುಚ್ಚುವ ಪ್ರತಿ ಕಂಪನಿಯೂ ಹಾಗೆ ಮಾಡಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ನ್ಯಾಯವಾಗಿ ಪಡೆದ ಸಾಫ್ಟ್‌ವೇರಿನ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಸರ್ವರ್ ಒಪ್ಪದಿದ್ದರೆ ಆ ಬ್ಯಾಕಪ್ ಇಟ್ಟುಕೊಂಡು ಏನು ಮಾಡೋದು?

ಕ್ರ್ಯಾಕ್ (ಲೈಸೆನ್ಸ್ ಬೀಗ ಮುರಿಯುವ ಫೈಲ್) ಹಾಕಿಕೊಡಿ ಅಂತ ಮಾತ್ರ ನನ್ನ ಹತ್ತಿರ ಕೇಳಬೇಡಿ. ಅದೇ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಇದೆ, ಹಕ್ಕು ಉಲ್ಲಂಘಿಸಲು ಇಂಥ ಬೀಗ ಮುರಿಯುವುದು ಅದರಡಿ ಅಪರಾಧ, ಜೊತೆಗೆ ಕ್ರ್ಯಾಕ್ ಫೈಲಿನಲ್ಲಿ ವೈರಸ್ ಬಂದು ವರ್ಷಗಳ ಲೆಕ್ಕ ಹೋದವರನ್ನು ನೋಡಿದ್ದೇನೆ.

ಕಂಪನಿ ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ವ್ಯಾಪಾರಕ್ಕೆ ಕೊಂಡಿದ್ದರೆ ನೀವು ಗ್ರಾಹಕರೇ ಅಲ್ಲ ಅಂತ ಅವರು ವಾದಿಸಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ನಿಮಗೆ ಅನ್ವಯಿಸುತ್ತಾ ಅಂತ ವಕೀಲರನ್ನು ಕೇಳಿ. ಹೋಗುವಾಗ ಬಿಲ್, ಸ್ಕ್ರೀನ್ ಮೇಲೆ ಬಂದ ಸಂದೇಶದ ಫೋಟೋ, ಕಂಪನಿಗೆ ಬರೆದ ಮೇಲ್‌ಗಳ ಪ್ರಿಂಟ್ ತಗೊಂಡು ಹೋಗಿ.